ಸೀಟಿನ ಕೆಳಗಿನ ನಲ್ಲಿ

ನಮ್ಮ ಸೋದರತ್ತೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಲು ಹೋದರೆ ಕಿವಿ ಕೆಂಪಾಗಿ ಸಿಕ್ಕಿಬೀಳುತ್ತಿದ್ದಳು. ಇದರಿಂದ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಆದರೆ ಅವಳಿಗೆ ಒಂದು ಲಾರಿ ಸಿಕ್ಕಿದ್ದೂ ಇದರಿಂದಲೇ. ನಂಬದವರು ಇಲ್ಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ.

ಯುದ್ಧದ ಮೂರು ವರ್ಷ ಅವಳು ಗಾಯಾಳುಗಳನ್ನು ಸಾಗಿಸುವ ಲಾರಿ ಓಡಿಸಿದಳು. ಯುದ್ಧ ಮುಗಿದ ಮೇಲೆ ಲಾರಿ ಸರ್ಕಾರದ ಡಿಪೋಗೆ ಹೋಯಿತು, ಅತ್ತೆ ಮನೆಗೆ ಬಂದಳು. ತಾತನದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಮಗಳಿಗೆಂದು ಕಿಟಕಿ ಪಕ್ಕದಲ್ಲಿ ಹೊಸ ಇಸ್ತ್ರಿ ಮೇಜು ಹಾಕಿಸಿಟ್ಟಿದ್ದರು. ಅವಳು ಅಲ್ಲಿ ನಿಂತ ಒಂದೇ ವಾರದಲ್ಲಿ ಊರಿನ ಏಳು ಕಾಲರುಗಳು ಸುಟ್ಟುಹೋದವು.

"ಅಪ್ಪಾ, ಇದು ನನ್ನ ಕೈಲಿ ಆಗಲ್ಲ. ಸರ್ಕಾರ ತನಗೆ ಬೇಡದ ಸಾಮಾನೆಲ್ಲ ಹರಾಜು ಹಾಕ್ತಿದೆ. ನನ್ನ ಲಾರಿ ನಾನೇ ತಗೋತೀನಿ. ಆಸ್ಪತ್ರೆ ಬಟ್ಟೆ ಪೂರ್ತಿ ನಮ್ಮ ಅಂಗಡಿಗೇ ತರ್ತೀನಿ."

"ಸಿಕ್ಕಿದ್ರೆ ಓಡಿಸು. ಸಿಗಲಿಲ್ವೋ, ಆ ಮೇಜು ಬಿಟ್ಟು ಅಲ್ಲಾಡೋ ಹಾಗಿಲ್ಲ," ಎಂದರು ತಾತ.

ಅತ್ತೆ ಹೂಂ ಅಂದಳು. ಅಂದ ಮೇಲೆ ದುಡ್ಡು ಎಣಿಸಿ ನೋಡಿದಳಂತೆ. ಅವಳ ಹತ್ತಿರ ಇದ್ದದ್ದು ಕೂಡಿಟ್ಟ ಸಂಬಳ ಮಾತ್ರ. ಹರಾಜಿಗೆ ಬರುವ ಗುಜರಿ ವ್ಯಾಪಾರಿ ಯಾರಾದರೂ ಜಿದ್ದಿಗೆ ಬಿದ್ದರೆ ಮುಗಿಯಿತು.

ಹರಾಜಿನ ದಿನ ಡಿಪೋದ ಅಂಗಳದಲ್ಲಿ ಹೊದಿಕೆ, ಬೂಟು, ಡೇರೆ, ಹಂಡೆಗಳ ರಾಶಿ. ಅವುಗಳ ಹಿಂದೆ ಲಾರಿಗಳ ಸಾಲು. ಕೊಂಡವರು ಸಂಜೆಯೊಳಗೆ ಗಾಡಿಯನ್ನು ಗೇಟು ದಾಟಿಸಬೇಕು, ಇಲ್ಲದಿದ್ದರೆ ಗಾಡಿಯೂ ಇಲ್ಲ, ಹಣವೂ ಇಲ್ಲ. ಅತ್ತೆಯ ಲಾರಿಗೆ ಪರೀಕ್ಷೆಗೆಂದು ಒಂದು ಕ್ಯಾನ್ ಪೆಟ್ರೋಲ್ ಸುರಿದು, ಇಬ್ಬರು ಇಂಜಿನ್ ಚಾಲೂ ಮಾಡುವ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವರಿಳಿಸಿದರು. ಲಾರಿ ಕೆಮ್ಮಲೂ ಇಲ್ಲ.

ಏಕೆಂದು ಅತ್ತೆಗೆ ಗೊತ್ತಿತ್ತು. ಗಾಡಿ ಕಳ್ಳರ ಕಾಟ ತಾಳಲಾರದೆ ಅವಳೇ ಸೀಟಿನ ಕೆಳಗೆ, ಇಂಜಿನ್ನಿಗೆ ಪೆಟ್ರೋಲ್ ಹೋಗದಂತೆ ತಡೆಯುವ ಪುಟ್ಟ ನಲ್ಲಿಯೊಂದನ್ನು ಹಾಕಿಸಿದ್ದಳು. ಡಿಪೋಗೆ ಒಪ್ಪಿಸುವಾಗ ಅಭ್ಯಾಸಬಲದಿಂದ ಅದನ್ನು ಮುಚ್ಚಿ ಇಳಿದುಬಿಟ್ಟಿದ್ದಳು.

ಬೇರೆಯವರಾಗಿದ್ದರೆ ತೆಪ್ಪಗಿರುತ್ತಿದ್ದರು. ಇವಳ ಕಿವಿ ಆಗಲೇ ಕೆಂಪೇರಿತ್ತು. ನೇರ ಡಿಪೋದ ಗುಮಾಸ್ತನ ಬಳಿ ಹೋಗಿ, "ಸಾರ್, ಗಾಡಿ ಕೆಟ್ಟಿಲ್ಲ. ಸೀಟಿನ ಕೆಳಗಿರೋ ನಲ್ಲಿ ತಿರುಗಿಸಿದ್ರೆ ಹೊರಡತ್ತೆ," ಎಂದಳು.

ಗುಮಾಸ್ತ ಲಾರಿಯ ಕಡೆ ತಿರುಗಿಯೂ ನೋಡದೆ ಗಾಡಿಯ ನಕ್ಷೆ ಬಿಚ್ಚಿ ಹರಡಿದ. "ನೋಡಮ್ಮ, ಇದರಲ್ಲಿ ನಲ್ಲಿ ಎಲ್ಲಿದೆ?"

"ನಕ್ಷೇಲಿ ಇಲ್ಲ ಸಾರ್, ಗಾಡೀಲಿ ಇದೆ."

"ನಕ್ಷೇಲಿ ಇಲ್ಲದ್ದು ಗಾಡೀಲಿ ಇರಕ್ಕಾಗಲ್ಲ. ಸುಮ್ನೆ ತಲೆ ತಿನ್ಬೇಡಿ."

ಅವಳು ಬಿಡಲಿಲ್ಲ. ಹರಾಜಿನ ಕೂಗು ಶುರುವಾಗುವ ಮುಂಚೆ ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದಳು. ಹರಾಜಿಗೆ ಬಂದಿದ್ದ ಗುಜರಿಯವನೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಡುಗೆಮನೆ ನಲ್ಲಿ ಅನ್ಕೊಂಡ್ಯೇನಮ್ಮ, ತಿರುಗಿಸಿದ ಕೂಡ್ಲೆ ಬರಕ್ಕೆ?"

ಹರಾಜಿನವನು ಫೈಲಿನಲ್ಲಿದ್ದಂತೆ "ಚಾಲೂ ಆಗುವುದಿಲ್ಲ" ಎಂದು ಓದಿದ. ಅತ್ತೆ ಕೈಯೆತ್ತಿದಳು. ಗುಜರಿಯವನೂ ಎತ್ತಿದ. ಅವಳು ಇನ್ನೊಮ್ಮೆ ಎತ್ತಿದಳು. ಅದು ಅವಳ ಕೊನೆಯ ಕಾಸು. ಗುಜರಿಯವನು ಸವೆದ ಟೈರುಗಳನ್ನು ನೋಡಿದ, ಗೇಟು ಎಷ್ಟು ದೂರವಿದೆಯೆಂದು ನೋಡಿದ, ಕೈಯನ್ನು ಜೇಬಿಗೆ ಹಾಕಿಕೊಂಡ. ಸುತ್ತಿಗೆ ಬಿತ್ತು.

ಅತ್ತೆ ಲಾರಿ ಹತ್ತಿ ಸೀಟಿನ ಕೆಳಗೆ ಕೈ ಹಾಕಿದಳು. ಆಮೇಲೆ ಇಳಿದು ಹ್ಯಾಂಡಲ್ ಹಿಡಿದಳು. ಎರಡನೇ ಸಲ ತಿರುಗಿಸುವಷ್ಟರಲ್ಲಿ ಲಾರಿ ಗುಡುಗಿತು. ಅವಳು ಅಲ್ಲೇ ನಿಂತು ನಕ್ಕು ನಕ್ಕು ಕಣ್ಣೊರೆಸಿಕೊಂಡಳಂತೆ. ಗುಮಾಸ್ತ ಮಾತ್ರ ಇನ್ನೂ ನಕ್ಷೆಯನ್ನೇ ತಿರುವುತ್ತಿದ್ದ.

ಅಂಗಡಿಯ ಮುಂದೆ ಹಾರನ್ ಕೇಳಿ ತಾತ ಓಡಿ ಬಂದರು. ಒಳಗೆ ಇಸ್ತ್ರಿಪೆಟ್ಟಿಗೆಯ ಕೆಳಗೆ ಯಾರದೋ ಅಂಗಿ ಸುಡುತ್ತಿತ್ತು. ಅದು ಎಂಟನೆಯದು, ಈ ಸಲ ತಾತನ ಕೈಯಿಂದ. ಅವರು ಲಾರಿಯನ್ನು ನೋಡಿದರು, ಮಗಳ ಮುಖ ನೋಡಿದರು, ತಿರುಗಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮೇಜಿನ ಕಾಲುಗಳು ನೆಲಕ್ಕೆ ಉಜ್ಜುವ ಸದ್ದು. ಅಜ್ಜಿ, "ಇದೇನ್ರೀ ಮಾಡ್ತಿದೀರಾ?" ಎಂದು ಕೇಳಿದರು.

"ಕಿಟಕಿ ಪಕ್ಕ ಜಾಗ ಮಾಡ್ತಿದೀನಿ ಕಣೆ," ಎಂದರು ತಾತ. "ಮಗಳು ಆಸ್ಪತ್ರೆ ಬಟ್ಟೆ ಗಂಟು ತಂದ್ರೆ ಎಲ್ಲಿ ಇಳಿಸ್ತಾಳೆ?"