ಹಬ್ಬಕ್ಕೆ ಖಾಲಿ ಮಾಡಿದ ಕೋಣೆ

ಸಾಗರದ ನಮ್ಮ ಮನೆಯಲ್ಲಿ ನಡುಮನೆ, ಅಡುಗೆಮನೆ ಬಿಟ್ಟರೆ ಇರುವುದು ಒಂದೇ ಕೋಣೆ. ಅದರಲ್ಲಿ ಮನುಷ್ಯರು ಮಲಗಿ ಮೂರು ವರ್ಷವಾಗಿತ್ತು. ಅಕ್ಕ ತನ್ನ ಮದುವೆಯ ಉಡುಗೊರೆಗಳನ್ನು ಗಂಡನ ಮನೆಗೆ ಒಯ್ಯದೆ ಅಲ್ಲೇ ಬಿಟ್ಟಿದ್ದಳು. ಹಾಟ್‌ಬಾಕ್ಸ್ ಒಂಬತ್ತು, ಗೋಡೆ ಗಡಿಯಾರ ಏಳು, ಗಾಜಿನ ಲೋಟದ ಸೆಟ್ ಹನ್ನೊಂದು. ರವಿಕೆ ಕಣಗಳನ್ನು ಎಣಿಸುವುದನ್ನು ಅರ್ಧಕ್ಕೇ ಬಿಟ್ಟೆ. ದಿನಾ ಡೈರಿ ಬರೆಯುವವಳಾದ್ದರಿಂದ ಇದನ್ನೂ ಬರೆದಿಟ್ಟಿದ್ದೇನೆ.

ನನಗೆ ಬೇಕಿದ್ದದ್ದು ಒಂದು ಮೇಜು ಹಿಡಿಸುವಷ್ಟು ಜಾಗ. ಜನವರಿಯಲ್ಲಿ ಬ್ಯಾಂಕ್ ಪರೀಕ್ಷೆ ಇತ್ತು. ನಡುಮನೆಯಲ್ಲಿ ಅಜ್ಜಿಯ ಧಾರಾವಾಹಿ ನಿಲ್ಲುತ್ತಿರಲಿಲ್ಲ. ಪರೀಕ್ಷೆ ಮುಗಿಯುವವರೆಗೆ ನನ್ನ ಮದುವೆಯ ಮಾತೆತ್ತುವುದಿಲ್ಲ ಎಂದು ಅಪ್ಪ ಮಾತು ಕೊಟ್ಟಿದ್ದರು. ಆ ದಿನದ ಪುಟದಲ್ಲಿ ಕೆಂಪು ಗೆರೆ ಎಳೆದಿದ್ದೆ.

ಉಡುಗೊರೆಯಾಗಿ ಬಂದದ್ದನ್ನು ಎಸೆಯಬಾರದು, ಮಾರಲೂಬಾರದು ಎಂಬುದು ಅಮ್ಮನ ಕಟ್ಟಪ್ಪಣೆ. ಹಬ್ಬದಲ್ಲಿ ಅರಿಶಿನ ಕುಂಕುಮದ ಜೊತೆ ಬೇರೆಯವರಿಗೆ ಕೊಟ್ಟರೆ ದೋಷವಿಲ್ಲವಂತೆ. ಗೌರಿ ಹಬ್ಬದಿಂದಲೇ ಶುರು ಮಾಡಿದೆ. ಕೊಟ್ಟವರಿಗೇ ವಾಪಸ್ ಹೋಗಬಾರದೆಂದು, ಹೊರಗೆ ಹೋದದ್ದನ್ನೆಲ್ಲ ಡೈರಿಯಲ್ಲಿ ಬರೆದಿಡುತ್ತ ಊರು ಬದಲಿಸಿದೆ: ಸಾಗರದವರು ಕೊಟ್ಟದ್ದು ತೀರ್ಥಹಳ್ಳಿಗೆ, ತೀರ್ಥಹಳ್ಳಿಯವರದು ಹೊಸನಗರಕ್ಕೆ. ಅಪ್ಪ ಓಡಿಸುವುದು ಅದೇ ದಾರಿಯ ಬಸ್ಸು. ಅಮ್ಮ ಪ್ರತಿ ಚೀಲಕ್ಕೂ ಕುಂಕುಮದ ಪೊಟ್ಟಣ ಹಾಕುತ್ತಿದ್ದಳು, ಡ್ರೈವರ್ ಸೀಟಿನ ಹಿಂದಿನಿಂದ ನೆಂಟರು ಇಳಿಸಿಕೊಳ್ಳುತ್ತಿದ್ದರು.

ನವರಾತ್ರಿ ಮುಗಿಯುವಾಗ ಕೋಣೆಯ ನೆಲ ಕಂಡಿತು. ಗೋಡೆಗೆ ಸುಣ್ಣ ಹೊಡೆದು, ಮೇಜು ಹಾಕಿ, ಅದರೆದುರು ಓದಿನ ಟೈಮ್‌ಟೇಬಲ್ ಅಂಟಿಸಿದೆ. ಬಾಗಿಲು ಹಾಕಿಕೊಂಡು ಓದುವ ಸುಖ ಮೊದಲ ಸಲ ಸಿಕ್ಕಿತು.

ಒಂದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ಕಡೆ ಹೆಣ್ಣುಮಗಳಿರುವ ಮನೆಯಲ್ಲಿ ಅವಸರದಿಂದ ಕೋಣೆ ಖಾಲಿ ಮಾಡಿ ಸುಣ್ಣ ಹೊಡೆದರೆ ಅದಕ್ಕೆ ಅರ್ಥ ಒಂದೇ.

ಹೊಸನಗರದ ಅತ್ತೆಯ ಫೋನು ಬಂತು. "ಎಂತ ಮಾರಾಯ್ತಿ, ಮನೆಯಲ್ಲಿದ್ದಿದ್ದೆಲ್ಲ ಹಂಚ್ತಾ ಇದೀರಂತೆ. ಗಂಡು ಗೊತ್ತಾಯ್ತಾ, ಇಲ್ಲ ನಾವೇ ಹುಡುಕ್ಬೇಕಾ?"

ಓದಲು ಜಾಗ ಮಾಡಿಕೊಂಡೆ ಎಂದೆ.

"ಹೂಂ, ನಿಮ್ಮಕ್ಕನೂ ಹಂಗೇ ಅಂದಿದ್ಲು."

ಇಲ್ಲವೆಂದಷ್ಟೂ ಅದು ಅವರಿಗೆ ನಾಚಿಕೆಯಾಗಿ ಕಾಣುತ್ತಿತ್ತು. ತೀರ್ಥಹಳ್ಳಿಯ ದೊಡ್ಡಮ್ಮ ಕೇಳುವ ಗೋಜಿಗೂ ಹೋಗಲಿಲ್ಲ. ತನಗೆ ಗೊತ್ತಿದ್ದ ಒಂದು ಮನೆಯವರಿಗೆ ಹೇಳಿ, ದೀಪಾವಳಿಯ ಮರುದಿನ ಕರೆತರುತ್ತೇನೆಂದು ತಿಳಿಸಿದಳು. ನಾನು ಅಪ್ಪನ ಮುಖ ನೋಡಿದೆ.

"ನಾನೆಲ್ಲಿ ಮಾತೆತ್ತಿದೀನಿ?" ಎಂದರು ಅಪ್ಪ. "ಅವರಾಗೇ ಬರ್ತಿದಾರೆ. ಹಬ್ಬದಲ್ಲಿ ಬಾಗಿಲಿಗೆ ಬಂದೋರ್ನ ಬೇಡ ಅನ್ನಕ್ಕಾಗುತ್ತಾ?"

ಬಂದವರನ್ನು ಕೂರಿಸಿದ್ದು ಕೋಣೆಯಲ್ಲಿ. ಮನೆಯಲ್ಲಿ ಚೊಕ್ಕಟವಾಗಿದ್ದದ್ದು ಅದೊಂದೇ. ನನ್ನ ಪುಸ್ತಕಗಳು ಅಜ್ಜಿಯ ಮಂಚದಡಿ ಹೋದವು. ಕಾಫಿ ತಂದಾಗ ಹುಡುಗ ನನ್ನ ಕುರ್ಚಿಯಲ್ಲಿದ್ದ. ಅವನ ತಾಯಿ ಗೋಡೆಯ ಟೈಮ್‌ಟೇಬಲ್ಲನ್ನು ಮೇಲಿಂದ ಕೆಳಗೆ ಓದಿ, ಹುಡುಗಿ ಶಿಸ್ತಿನವಳು ಎಂದು ದೊಡ್ಡಮ್ಮನಿಗೆ ಹೇಳಿದರು. ನನ್ನನ್ನು ಅವರು ಕೇಳಿದ್ದು, ಸಕ್ಕರೆ ನೀನೇ ಹಾಕಿದ್ದಾ ಎಂದು.

ಒಪ್ಪಿಗೆಯಾಗಿದೆ ಎಂದು ಮೂರನೇ ದಿನ ಅವರಿಂದ ಸುದ್ದಿ ಬಂತು. ನನಗೆ ಒಪ್ಪಿಗೆಯೇ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಅಮ್ಮನಿಗೆ ಬೇರೆಯೇ ಚಿಂತೆ. "ಆ ಹಾಟ್‌ಬಾಕ್ಸು ನಾಕಾದ್ರೂ ಇಟ್ಕೋಬೇಕಿತ್ತು ಕಣೇ. ಈಗ ಎಲ್ಲ ಹೊಸದಾಗೇ ಸೇರಿಸ್ಬೇಕು."

ಮರುವಾರ ಅಪ್ಪ ಬಸ್ಸಿನಿಂದ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದರು. ನನ್ನ ಮದುವೆಗೆಂದು ಹೊಸನಗರದ ಅತ್ತೆ ಕಳಿಸಿದ ಸ್ಟೀಲ್ ಡಿನ್ನರ್ ಸೆಟ್. ನೆಲದಲ್ಲಿಟ್ಟರೆ ರಟ್ಟಿಗೆ ಗೆದ್ದಲು ಹಿಡಿಯುತ್ತದೆಂದು ಅಮ್ಮ ಅದನ್ನು ನನ್ನ ಮೇಜಿನ ಮೇಲಿಟ್ಟಳು. ಮೇಜು ಪೂರಾ ಮುಚ್ಚಿಹೋಯಿತು.

ನಾನು ನೆಲದಲ್ಲಿ ಕೂತು ಡೈರಿ ತೆಗೆದೆ. ಹೊರಗೆ ಹೋದ ಸಾಮಾನಿನ ಪುಟಗಳು ಮುಗಿದಿದ್ದವು. ಹೊಸ ಪುಟದಲ್ಲಿ ಬರೆದೆ: ಒಳಗೆ, ಒಂದು.