ಜಾಲಿಗೆ ಸಿಟ್ಟು ಬರಿಸಿದ ಬೇಸಿಗೆ

ಮಗಳ ಮೊದಲ ಬಾಣಂತನದಲ್ಲಿ, ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಬ್ಯಾಡಗಿಯ ಬೀಗತಿ ಬಾಣಂತಿಗೆಂದು ನಾನು ಕಟ್ಟಿದ ಜಾಲಿಮರದ ಅಂಟಿನ ಉಂಡೆಯನ್ನು ಒಮ್ಮೆ ಕಚ್ಚಿ, ಉಳಿದುದನ್ನು ತಾಟಿನ ಅಂಚಿಗೆ ಸರಿಸಿದರು.

"ಪ್ಯಾಟಿ ಅಂಟೇನ್ರಿ? ಹಲ್ಲಾಗ ಉಸುಕು ಸಿಗತೈತಿ."

ಪಡಸಾಲೆಯಲ್ಲಿ ಯಾರು ಯಾರು ನಕ್ಕರೆಂಬುದು ನನಗೆ ಇಂದಿಗೂ ನೆನಪಿದೆ.

ಎಂಬತ್ತರ ದಶಕದ ಕೊನೆಯಲ್ಲಿ ಅದೇ ಮಗಳು ಎರಡನೆಯ ಹೆರಿಗೆಗೆ ಬಂದಾಗ, ರಾಣೆಬೆನ್ನೂರಿನ ಅಂಗಡಿಯ ಅಂಟು ನಮ್ಮ ಹೊಸ್ತಿಲು ದಾಟಕೂಡದೆಂದು ನಿಶ್ಚಯಿಸಿದೆ. ಕುಪ್ಪೇಲೂರಿನ ನಮ್ಮ ಹೊಲದ ಬದುವಿನಲ್ಲಿ ಕರಿಜಾಲಿಯೊಂದಿತ್ತು. ಆದರೆ ಪಂಪ್‌ಸೆಟ್ಟಿನ ಕಾಲುವೆ ಅದರ ಬುಡದಲ್ಲೇ ಹರಿಯುತ್ತಿತ್ತು. ಸುಖದಲ್ಲಿರುವ ಜಾಲಿ ಅಂಟು ಬಿಡುವುದಿಲ್ಲ. ಅದು ಮೊದಲು ಬಾಯಾರಬೇಕು, ಆಮೇಲೆ ಗಾಯಗೊಳ್ಳಬೇಕು. ಗಾಯವೂ ಹದವರಿತದ್ದಾಗಿರಬೇಕು: ತೊಗಟೆಯಷ್ಟೇ ಸುಲಿಯಬೇಕು; ಒಳಗಿನ ಕಟ್ಟಿಗೆಗೆ ಏಟು ತಾಗಿದರೆ ಮರವೇ ಹೋಗುತ್ತದೆ.

ಶಿವರಾತ್ರಿ ಕಳೆಯುತ್ತಲೇ ಕಾಲುವೆಯನ್ನು ದೂರಕ್ಕೆ ತಿರುಗಿಸಿದೆ. ಗಿಡಕ್ಕೂ ಉಪವಾಸ ಕೆಡವಿದೆಯಾ ಎಂದು ಯಜಮಾನರು ಹಾಸ್ಯ ಮಾಡಿದರು. ಯುಗಾದಿಯ ಹೊತ್ತಿಗೆ ಎಲೆ ಉದುರಿ ವಿರಳವಾದವು; ಕುಡಗೋಲಿನಿಂದ ಅಲ್ಲಲ್ಲಿ ತೊಗಟೆ ಸುಲಿದು ಬಂದೆ. ಕೆಲವು ದಿನ ಬಿಟ್ಟು ಅಂಟು ಬಿಡಿಸಲು ಹೋದರೆ, ಪ್ರತಿಯೊಂದು ಗಾಯಕ್ಕೂ ಸೆಗಣಿ ಮತ್ತು ಕೆಮ್ಮಣ್ಣು ಕಲಸಿ ಮೆತ್ತಲಾಗಿತ್ತು! ಎತ್ತಿನ ಹೆಗಲಿಗೆ ಔಷಧ ಹಚ್ಚುವ ಅಕ್ಕರೆಯಿಂದ ಯಜಮಾನರೇ ಮೆತ್ತಿದ್ದರು.

"ಪಾಪ, ಗಿಡಕ್ಕ ಗಾಯ ಆಗಿತ್ತಲ್ಲ," ಎಂದರು.

ಅಷ್ಟು ವರ್ಷಗಳ ಸಂಸಾರದಲ್ಲಿ, ರೊಟ್ಟಿ ಬೇಯಿಸುವಾಗ ಸುಟ್ಟ ನನ್ನ ಬೆರಳಿಗೆ ಅವರು ಒಮ್ಮೆಯೂ ಎಣ್ಣೆ ಹಚ್ಚಿದವರಲ್ಲ.

ಮಗಳಿಗೆ ದಿನ ಸಮೀಪಿಸಿತ್ತು. ಸಂಜೆಯ ಬಿಸಿಲು ಬಡಿಯುವ ಪಡುವಣ ಮಗ್ಗುಲಲ್ಲಿ ಹೊಸದಾಗಿ ಸುಲಿದು, ಬದುವಿನ ಕಡೆ ಹಾಯಕೂಡದೆಂದು ಯಜಮಾನರಿಗೆ ತಾಕೀತು ಮಾಡಿದೆ. ಈ ಸಲ ಜಾಲಿ ಮುನಿಯಿತು. ಜೇನಿನ ಬಣ್ಣದ ಹನಿಗಳು ಉಬ್ಬಿ ನಿಂತವು. ಗಾಳಿ ಎದ್ದು ಧೂಳು ಕೂರುವ ಮೊದಲೇ ಬೆಳಿಗ್ಗೆ ಬಿಡಿಸಿ, ಒಗೆದ ಧೋತರದ ತುಂಡಿನಲ್ಲಿ ಕಟ್ಟಿ ತಂದೆ. ತುಪ್ಪದಲ್ಲಿ ಕರಿದಾಗ ಅದು ಚುರುಮುರಿಯಂತೆ ಅರಳಿತು.

ತೊಟ್ಟಿಲ ದಿನ ಬೀಗತಿ ಒಂದು ಉಂಡೆ ತಿಂದು ಮುಗಿಸಿದರು. ಇನ್ನೊಂದಕ್ಕೆ ತಾವೇ ಕೈಚಾಚಿದರು.

"ಈ ಅಂಟು ಯಾವ ಅಂಗಡ್ಯಾಗ ಸಿಗತೈತ್ರಿ, ಅಕ್ಕಾರ?"

"ಅಂಗಡ್ಯಾಗ ಸಿಗೂದಿಲ್ರಿ. ಗಿಡಕ್ಕ ಸಿಟ್ಟು ಬರಸಬೇಕಾಗತೈತಿ."

"ಅದರಾಗ ನಮ್ಮಾಕಿ ಕೈ ಭಾಳ ಪಳಗೈತ್ರಿ," ಎಂದರು ಹೊರಗಿನ ಕಟ್ಟೆಯಿಂದ ಯಜಮಾನರು.

ಪಡಸಾಲೆ ಮತ್ತೆ ನಕ್ಕಿತು. ಬೀಗತಿಯ ಲೆಕ್ಕ ಅಂದಿಗೆ ತೀರಿತು. ಯಜಮಾನರದು ಹೊಸದಾಗಿ ತೆರೆಯಿತು.