ಹೊಳೆಯಾಚೆ ಹುಟ್ಟಿದವನು

ಎರಡು ಮಹಾಯುದ್ಧಗಳ ನಡುವಿನ ಮಾತು. ಸೈಲಸ್ ಕ್ರ್ಯಾಬ್‌ಟ್ರೀ ಯಾರ್ಕ್‌ಷೈರ್ ಗಡಿಯ ಹತ್ತಿ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ. ಶನಿವಾರ ಬಂತೆಂದರೆ ಊರ ಕ್ರಿಕೆಟ್ ಮೈದಾನದಲ್ಲಿ ಎಡಗೈಯಿಂದ ಚೆಂಡು ತಿರುಗಿಸುತ್ತಿದ್ದ. ಒಮ್ಮೆ ಕೌಂಟಿಯ, ಎಂದರೆ ಇಡೀ ಯಾರ್ಕ್‌ಷೈರ್ ಜಿಲ್ಲೆಯ, ತಂಡದ ಹಿರಿಯರೊಬ್ಬರು ನೋಡಿ, "ಸೋಮವಾರ ಲೀಡ್ಸ್‌ಗೆ ಬಾ, ತಂಡಕ್ಕೆ ಸೇರಿಸಿಕೊಳ್ಳೋಣ" ಎಂದರು. ಹೊರಡುವಾಗ ಕೇಳಿದರು, "ಹುಟ್ಟಿದ್ದು ಇಲ್ಲೇ ತಾನೆ?" ಯಾರ್ಕ್‌ಷೈರ್ ನೆಲದಲ್ಲಿ ಹುಟ್ಟಿದವರಷ್ಟೇ ಯಾರ್ಕ್‌ಷೈರ್‌ಗೆ ಆಡುವ ಕಾಲ ಅದು.

"ಇದೇ ಬೀದೀಲಿ" ಎಂದ ಸೈಲಸ್.

ಮನೆಗೆ ಬಂದು ಸುದ್ದಿ ಹೇಳಿದರೆ ಅಪ್ಪ ಜೋಸೆಫ್ ಚಹಾದ ಬಟ್ಟಲನ್ನು ಹಾಗೇ ಕೆಳಗಿಟ್ಟ. ಅಮ್ಮ ಹ್ಯಾನಾ ಕೈಯೊರೆಸಿಕೊಂಡು ಎದುರಿಗೆ ಕುಳಿತಳು.

"ಮಗಾ, ನೀನು ಹುಟ್ಟಿದ್ದು ಹೊಳೆಯಾಚೆ. ನಿಮ್ಮ ಚಿಕ್ಕಮ್ಮನ ಅಡುಗೆಮನೇಲಿ."

"ಹೊಳೆಯಾಚೆ ಅಂದ್ರೆ ಲ್ಯಾಂಕಾಷೈರ್ ಅಲ್ವೇನಮ್ಮಾ? ನಮ್ಮ ಎದುರಾಳಿಗಳ ನೆಲ!"

"ಅವಳಿಗೆ ಜ್ವರ ಅಂತ ಸಾರು ಕೊಟ್ಟು ಬರೋಕೆ ಹೋಗಿದ್ದೆ. ನೀನು ಕಾಯ್ಲಿಲ್ಲ."

"ಬಾಯಿಬಿಡ್ಬೇಡ ಅಂದವನು ನಾನೇ" ಎಂದ ಅಪ್ಪ. "ನನ್ನ ಮಗ ಆಚೆಯವನು ಅಂದ್ರೆ ಗಿರಣೀಲಿ ತಲೆ ಎತ್ತೋ ಹಾಗಿತ್ತೇನು?"

ಸೈಲಸನಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ಆಗಲೇ ಸೇತುವೆ ದಾಟಿ ಹೋದ. ಎಷ್ಟೋ ಸಲ ಉಂಡೆದ್ದ ಆ ಅಡುಗೆಮನೆಯನ್ನು ಹೊಸಬನಂತೆ ನೋಡುತ್ತ ನಿಂತ. "ಎಲ್ಲಿ?" ಎಂದ. ಚಿಕ್ಕಮ್ಮ ಒಲೆಯ ಮುಂದಿನ ಚಿಂದಿ ಜಮಖಾನೆ ತೋರಿಸಿ, "ಅಲ್ಲೇ. ನನ್ನ ಜ್ವರ ಹೆದರಿ ಓಡಿಹೋಯ್ತು ನೋಡು" ಎಂದು ನಕ್ಕಳು.

ಸೋಮವಾರ ಲೀಡ್ಸ್‌ಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದ. ಆ ಹಿರಿಯರು ಬೆನ್ನು ತಟ್ಟಿ, ಒಲ್ಲದ ಮನಸ್ಸಿನಿಂದ ಮನೆಗೆ ವಾಪಸು ಕಳಿಸಿದರು. ಸುದ್ದಿ ಹೊಳೆ ದಾಟಿತು. ಮರುವರ್ಷ ಲ್ಯಾಂಕಾಷೈರ್‌ನವರೇ ಕರೆದರು.

ಎರಡೂ ಕೌಂಟಿಗಳ ಪಂದ್ಯಕ್ಕೆ ಇಡೀ ಬೀದಿಯೇ ಹೊರಟಿತು, ಸೈಲಸನನ್ನು ಹಂಗಿಸಲು. "ಏ ಸೈಲಸ್, ಮನೆ ದಾರಿ ನೆನಪಿದೆಯೇನೋ?" ಎಂದು ಕೂಗಿದರು. ಅವನ ಚೆಂಡಿಗೆ ಯಾರ್ಕ್‌ಷೈರ್ ಆಟಗಾರನೊಬ್ಬ ಔಟಾದ. ಹ್ಯಾನಾ ಒಬ್ಬಳೇ ಚಪ್ಪಾಳೆ ತಟ್ಟಿದಳು. ಜೋಸೆಫ್ ಅವಳತ್ತ ಬಾಗಿ ಮೆಲ್ಲಗೆ ಕೇಳಿದ, "ಆ ಚೆಂಡು ಒಳಕ್ಕೆ ತಿರುಗಿತೋ, ಹೊರಕ್ಕೋ?"

ಸೈಲಸ್ ಎರಡು ಬೇಸಿಗೆ ಆಡಿದ. ಭುಜ ಕೈಕೊಟ್ಟಿದ್ದರಿಂದ ಮತ್ತೆ ಮಗ್ಗಕ್ಕೆ ಬಂದ. ಊಟದ ಬಿಡುವಿನಲ್ಲಿ ಜತೆಗಾರರು ಪಕ್ಕಕ್ಕೆ ಸರಿದು ಕೂತು, ದನಿ ತಗ್ಗಿಸಿ ಕೇಳುತ್ತಿದ್ದರು: "ಆಚೆಯವರು ಒಳಗೊಳಗೇ ನಮ್ಮ ಬಗ್ಗೆ ಏನಂತಾರಪ್ಪಾ?"

"ನೀವು ಅವರ ಬಗ್ಗೆ ಅನ್ನೋದನ್ನೇ" ಎಂದು ಸೈಲಸ್ ರೊಟ್ಟಿ ಮುರಿಯುತ್ತಿದ್ದ.